ಬಿಳಿ ಕೋಟಿನ ಆಸೆ ತೋರಿಸಿ ದೋಚಿದ್ದು ಸಾಕು! ಫೀಸು ಕಟ್ಟುವ ಮುಂಚೆ ಲೆಕ್ಕ ಕೇಳಿ!

ತಂದೆ ತಾಯಂದಿರೇ, ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ತಮ್ಮಂದಿರೇ, ತಂಗಿಯರೇ,

ರಿಸಲ್ಟ್ ಬಂತು. ಬೆನ್ನಿಗೇ ಫ್ಲೆಕ್ಸ್‌ಗಳೂ ಬಂದವು! ಬಸ್ ಸ್ಟ್ಯಾಂಡಿನಲ್ಲಿ, ಜೆರಾಕ್ಸ್ ಅಂಗಡಿಯ ಗೋಡೆಗೆ, ಕರೆಂಟ್ ಕಂಬಕ್ಕೆ. 'ನರ್ಸಿಂಗ್ ಅಸಿಸ್ಟೆಂಟ್', 'ಹೆಲ್ತ್ ಅಸಿಸ್ಟೆಂಟ್', 'ಮೆಡಿಕಲ್ ಅಸಿಸ್ಟೆಂಟ್'. ಒಂದೇ ವರ್ಷ! ಪಾಸಾಗಿರಲಿ, ಫೇಲಾಗಿರಲಿ, ಬನ್ನಿ! ನೂರಕ್ಕೆ ನೂರು ಕೆಲಸ ಗ್ಯಾರಂಟಿ!

ಈ ಗ್ಯಾರಂಟಿ ನಂಬಿದ ಮನೆಗಳು ಇವತ್ತು ಸಾಲದಲ್ಲಿವೆ. ಅವು ನಮ್ಮ ಮನೆಗಳು. ನಾಳೆ ನಿಮ್ಮದೂ ಆಗಬಾರದು!

ಯಾರ ಮಕ್ಕಳು ಈ ಕೋರ್ಸುಗಳಿಗೆ ಸೇರುತ್ತಾರೆ? ಕೂಲಿಗೆ ಹೋಗುವವರ ಮಗಳು. ಗಾರ್ಮೆಂಟ್ಸಿನಲ್ಲಿ ಹೊಲಿಯುವ ತಾಯಿಯ ಮಗಳು. ಎರಡು ಎಕರೆ ಖುಷ್ಕಿ ನಂಬಿದವರ ಮಗ. 'ನಮ್ಮ ಹಾಗೆ ಬಿಸಿಲಲ್ಲಿ ಬೇಯೋದು ಬೇಡ, ಫ್ಯಾನಿನ ಕೆಳಗೆ ಕೆಲಸ ಮಾಡಲಿ' ಅಂತ ತಾಯಿ ಕಿವಿಯ ಓಲೆ ಅಡ ಇಟ್ಟಳು. ಸಾಲ ಎತ್ತಿದಳು. ಮಗಳು ಕ್ಲಾಸಿಗೆ ಹೋದಳು. ತಾಯಿ ಕಂತು ಕಟ್ಟುತ್ತಾ ಕೂತಳು!

ಒಳಗೆ ನಡೆಯುವುದು ಏನು? ಸೇರಿದ ದಿನವೇ ಬಿಳಿ ಕೋಟು ಹಾಕಿಸುತ್ತಾರೆ. ಕೊರಳಿಗೆ ಸ್ಟೆತಸ್ಕೋಪು ನೇತುಹಾಕುತ್ತಾರೆ. ಫೋಟೊ ಹೊಡೆಯುತ್ತಾರೆ. ಫೋಟೊ ಆದ ಮೇಲೆ ಕೋಟು ಬಿಚ್ಚಿಸಿ ಪಕ್ಕದವಳಿಗೆ ಹಾಕಿಸುತ್ತಾರೆ. ಇಡೀ ಕ್ಲಾಸಿಗೆ ಒಂದೇ ಕೋಟು! ಮಾರನೇ ವರ್ಷದ ಫ್ಲೆಕ್ಸ್ ಮೇಲೆ ನಗುತ್ತಿರುವುದು ನಮ್ಮ ಮಗಳೇ. ಅವಳ ಮುಖ ತೋರಿಸಿ ನಿಮ್ಮ ಮಗಳನ್ನು ಕರೆಯುತ್ತಾರೆ!

ಆಮೇಲೆ 'ಪೋಸ್ಟಿಂಗ್' ಅಂತ ಆಸ್ಪತ್ರೆಗೆ ಕಳಿಸುತ್ತಾರೆ. ಸಂಬಳವಿಲ್ಲ. ನೈಟ್ ಡ್ಯೂಟಿ ಮಾತ್ರ ಉಂಟು. ಬೆಡ್‌ಶೀಟು ಬದಲಿಸು, ಬೆಡ್‌ಪ್ಯಾನು ತೆಗೆ, ರಿಜಿಸ್ಟರ್ ಬರಿ, ಲ್ಯಾಬಿಗೆ ಓಡು. ರೋಗಿಯ ಸೇವೆಯಲ್ಲಿ ನಾಚಿಕೆಯಿಲ್ಲ, ಅದು ದೊಡ್ಡ ಕೆಲಸ. ಆದರೆ ಆ ಕೆಲಸವನ್ನು ಪುಕ್ಕಟೆ ಮಾಡಿಸಿಕೊಂಡು, ಅದಕ್ಕೂ ನಮ್ಮಿಂದಲೇ ಫೀಸು ವಸೂಲಿ ಮಾಡುತ್ತಾರಲ್ಲ!

ಬನ್ನಿ, ಲೆಕ್ಕ ಹಾಕೋಣ!

ಒಂದು ಉದಾಹರಣೆ ಇಟ್ಟುಕೊಳ್ಳಿ. ನಿಮ್ಮ ಊರಿನ ಅಂಕಿ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ಫೀಸು ₹60,000. ಹಾಸ್ಟೆಲ್, ಊಟ ತಿಂಗಳಿಗೆ ₹5,000, ವರ್ಷಕ್ಕೆ ₹60,000. ಯೂನಿಫಾರ್ಮು, ಪುಸ್ತಕ, ಪರೀಕ್ಷೆ ಫೀಸು ₹10,000. ಒಟ್ಟು ₹1,30,000! ಅದೇ ಒಂದು ವರ್ಷ ಅಂಗಡಿಯಲ್ಲಿ ₹8,000 ಸಂಬಳಕ್ಕೆ ದುಡಿದಿದ್ದರೆ ಬರುತ್ತಿದ್ದ ₹96,000 ಕೂಡ ಹೋಯಿತು. ಅದನ್ನು ಯಾವ ಬ್ರೋಶರೂ ಬರೆಯುವುದಿಲ್ಲ!

ಈಗ ಗಳಿಕೆ ನೋಡಿ. ನರ್ಸಿಂಗ್ ಹೋಮಿನಲ್ಲಿ ಸಂಬಳ ₹10,000 ಅನ್ನಿ. ಪಿಜಿ, ಊಟಕ್ಕೆ ₹6,000. ಬಸ್ಸು, ಮೊಬೈಲಿಗೆ ₹1,000. ಸಾಲ ಒಂದು ಲಕ್ಷ, ನೂರಕ್ಕೆ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ ಬಡ್ಡಿಯೇ ₹2,000! ಅಸಲಿಗೆ ಉಳಿಯುವುದು ₹1,000. ಬಡ್ಡಿ ಇಳಿಯುತ್ತಾ ಬಂದರೂ ಸಾಲ ತೀರಲು ನಾಲ್ಕೂವರೆ ವರ್ಷ ದಾಟುತ್ತದೆ. ಅಷ್ಟು ದಿನ ಜ್ವರ ಬರಬಾರದು, ಹಬ್ಬಕ್ಕೆ ಒಂದು ಸೀರೆ ತರಬಾರದು, ಮನೆಗೆ ಒಂದು ರೂಪಾಯಿ ಕಳಿಸಬಾರದು!

ಇನ್ನೊಂದು ಮಾತು. ಕೋರ್ಸು ಮಾಡದವಳಿಗೆ ₹8,000. ಮಾಡಿದವಳಿಗೆ ₹10,000. ಸರ್ಟಿಫಿಕೇಟಿನಿಂದ ಹೆಚ್ಚಿದ್ದು ಎರಡು ಸಾವಿರ. ಬಡ್ಡಿಯೂ ಎರಡು ಸಾವಿರ. ಹಾಗಾದರೆ ಓದಿದ್ದು ಯಾರಿಗೋಸ್ಕರ? ಬಡ್ಡಿಯವನಿಗೋಸ್ಕರ!

'ಸರ್ಕಾರಿ ಮಾನ್ಯತೆ' ಅನ್ನುತ್ತಾರೆ. ತೋರಿಸಿ ಅನ್ನಿ! ಟ್ರಸ್ಟ್ ನೋಂದಣಿ ತೋರಿಸುತ್ತಾರೆ, ಐಎಸ್ಒ ಪತ್ರ ತೋರಿಸುತ್ತಾರೆ. ಮೋಸ ಹೋಗಬೇಡಿ! ಟ್ರಸ್ಟ್ ನೋಂದಣಿ ಆದ ಮಾತ್ರಕ್ಕೆ ಕೋರ್ಸಿಗೆ ಮಾನ್ಯತೆ ಬರುವುದಿಲ್ಲ. ನರ್ಸ್ ಆಗಬೇಕಾದರೆ ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಬೇಕು. ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಆಗಬೇಕು. ಲ್ಯಾಬು, ಎಕ್ಸ್‌ರೇ, ಓಟಿ, ಡಯಾಲಿಸಿಸ್ ಕೆಲಸಕ್ಕೆ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಇದೆ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿಎಸ್ಸಿ ಇದೆ.

2021ರಲ್ಲೇ ಅಲೈಡ್ ಹೆಲ್ತ್ ವೃತ್ತಿಗಳಿಗೆ ಕೇಂದ್ರದ ಕಾಯ್ದೆ ಬಂದಿದೆ. ಅದರ ಪ್ರಕಾರ ಅಲೈಡ್ ಹೆಲ್ತ್ ವೃತ್ತಿಪರ ಅನಿಸಿಕೊಳ್ಳಲು ಕನಿಷ್ಠ 2,000 ಗಂಟೆಗಳ, ಎರಡರಿಂದ ನಾಲ್ಕು ವರ್ಷದ ಓದು ಬೇಕು. ಆರು ತಿಂಗಳ ಕೋರ್ಸು ಮಾಡಿದರೆ 'ಟೆಕ್ನಿಷಿಯನ್ ಆಗುತ್ತೀರಿ' ಅನ್ನುವವರಿಗೆ ಈ ಕಾಯ್ದೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು! ನಮಗೆ ಗೊತ್ತಿಲ್ಲ ಅನ್ನುವುದೂ ಅವರಿಗೆ ಗೊತ್ತು!

ಏಟು ನಮ್ಮ ಮಕ್ಕಳಿಗೆ ಮಾತ್ರವಲ್ಲ. ಸರಿಯಾಗಿ ಕಲಿಸದೆ ಕಳಿಸಿದ ಹುಡುಗಿಯ ಕೈಗೆ ರಾತ್ರಿ ಎರಡು ಗಂಟೆಗೆ ಐವಿ ಸೆಟ್ ಕೊಟ್ಟು ಹಾಕು ಅನ್ನುತ್ತಾರೆ. ಅವಳ ಕೈ ನಡುಗುತ್ತದೆ. ನರ ಸಿಗುವುದಿಲ್ಲ. ಮಂಚದ ಮೇಲೆ ಮಲಗಿರುವುದು ಯಾರು? ನಮ್ಮ ಅಪ್ಪ, ನಿಮ್ಮ ಅಜ್ಜಿ! ಹೆಚ್ಚು ಕಡಿಮೆ ಆದರೆ ಬೈಗುಳ ತಿನ್ನುವವಳು ಅದೇ ಹುಡುಗಿ. ಫೀಸು ತಿಂದವನು ಆ ಹೊತ್ತಿಗೆ ಫೋನೂ ಎತ್ತುವುದಿಲ್ಲ!

ಇನ್ನೂ ಕಟ್ಟದವರೇ, ಕೇಳಿ!

ದುಡ್ಡು ಕೊಡುವ ಮುಂಚೆ ನಾಲ್ಕು ಕಾಗದ ಕೇಳಿ. ಒಂದು, ಈ ಕೋರ್ಸಿಗೆ ಯಾವ ಬೋರ್ಡಿನ, ಯಾವ ಕೌನ್ಸಿಲಿನ ಮಾನ್ಯತೆ? ಆ ಆದೇಶದ ಪ್ರತಿ. ಎರಡು, ಪೂರ್ತಿ ಫೀಸಿನ ವಿವರ, ಪ್ರತಿ ಕಂತಿಗೂ ರಸೀದಿ. ಮೂರು, ಹೋದ ವರ್ಷ ಓದಿದವರು ಎಲ್ಲಿದ್ದಾರೆ, ಸಂಬಳ ಎಷ್ಟು? ಅವರಲ್ಲಿ ಇಬ್ಬರ ಹತ್ತಿರ ನೀವೇ ಮಾತಾಡಿ. ನಾಲ್ಕು, ಕೆಲಸದ ಗ್ಯಾರಂಟಿ ಬರಹದಲ್ಲಿ. ಬಾಯಿಮಾತಿನ ಗ್ಯಾರಂಟಿ ಬೇಡವೇ ಬೇಡ!

ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಅವರ ಬೀರುವಿನಲ್ಲಿ ಬಿಟ್ಟು ಬರಬೇಡಿ! ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ಮನೆಗೆ ತನ್ನಿ. ಅದು ಅವರ ಕೈ ಸೇರಿದರೆ ನಿಮ್ಮ ಮಗಳು ಅರ್ಧಕ್ಕೆ ಬಿಟ್ಟು ಬರಲಿಕ್ಕೂ ಆಗುವುದಿಲ್ಲ.

ರೋಗಿಗಳ ಆರೈಕೆ ಕೆಲಸವೇ ಕಲಿಯಬೇಕೆ? ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ 'ಜನರಲ್ ಡ್ಯೂಟಿ ಅಸಿಸ್ಟೆಂಟ್' ತರಬೇತಿ ಪುಕ್ಕಟೆ ಕೊಡುತ್ತಾರೆ. ನಿಮ್ಮ ಜಿಲ್ಲೆಯಲ್ಲಿ ಕೇಂದ್ರ ಎಲ್ಲಿದೆ ಎಂದು ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಮೊದಲು ವಿಚಾರಿಸಿ. ಸಾಲ ಮಾಡಲೇಬೇಕಾದರೆ ಎರಡು ಮೂರು ವರ್ಷದ ಡಿಪ್ಲೊಮಾಕ್ಕೆ ಮಾಡಿ. ಅದರಲ್ಲೂ ಸರ್ಕಾರಿ ಕಾಲೇಜಿನ ಸೀಟು ಮೊದಲು ನೋಡಿ!

ಆಗಲೇ ಕಟ್ಟಿ ಕೆಟ್ಟವರೇ, ಎದೆಗುಂದಬೇಡಿ!

ರಸೀದಿ, ಕರಪತ್ರ, ಫ್ಲೆಕ್ಸಿನ ಫೋಟೊ, ವಾಟ್ಸಾಪ್ ಮೆಸೇಜು ಎಲ್ಲ ಜೋಪಾನ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ಕಟ್ಟಿದ ದುಡ್ಡು 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂದಿಲ್ಲ. ಆದರೆ ಎರಡು ವರ್ಷದೊಳಗೆ ಕೊಡಬೇಕು, ಮರೆಯಬೇಡಿ! ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಪುಕ್ಕಟೆ ಕೊಡುತ್ತದೆ. ನಂಬರ್ 15100.

'ದೊಡ್ಡವರ ಮುಂದೆ ನಮ್ಮ ಮಾತು ನಡೆಯುತ್ತದಾ?' ಅನ್ನಬೇಡಿ. ಬಿಹಾರದ ಡೆಂಟಲ್ ಕಾಲೇಜೊಂದು ಮಾನ್ಯತೆ ಇಲ್ಲದೆ ಮಕ್ಕಳನ್ನು ಸೇರಿಸಿಕೊಂಡಿತ್ತು. ಮಕ್ಕಳು ಸುಮ್ಮನಿರಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಫೀಸನ್ನೂ ವಾಪಸ್ ಕೊಡಿಸಿತು, ಪರಿಹಾರವನ್ನೂ ಕೊಡಿಸಿತು!

ಆದರೆ ಒಬ್ಬೊಬ್ಬರೇ ಹೋದರೆ 'ನಾಳೆ ಬಾ' ಅನ್ನುತ್ತಾರೆ. ನೂರು ಜನ ಹೋದರೆ ಕುರ್ಚಿ ಬಿಟ್ಟು ಎದ್ದು ಬರುತ್ತಾರೆ!

ನಾವು ಕೇಳುವುದು ಇಷ್ಟೇ:

1. ಮಾನ್ಯತೆ ಇಲ್ಲದ ಕೋರ್ಸುಗಳ ಪಟ್ಟಿ ಪ್ರತಿ ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡಿಗೆ ಹಾಕಿ!

2. 'ನೂರಕ್ಕೆ ನೂರು ಕೆಲಸ' ಅಂತ ಸುಳ್ಳು ಫ್ಲೆಕ್ಸ್ ಹಾಕಿದವರ ಮೇಲೆ ಕೇಸು ಹಾಕಿ!

3. ಮೋಸ ಹೋದವರ ಫೀಸು, ಒರಿಜಿನಲ್ ಮಾರ್ಕ್ಸ್ ಕಾರ್ಡು ವಾಪಸ್ ಕೊಡಿಸಿ!

4. ನರ್ಸಿಂಗ್ ಹೋಮ್, ಕ್ಲಿನಿಕ್, ಲ್ಯಾಬುಗಳಲ್ಲಿ ಕನಿಷ್ಠ ವೇತನ, ಇಎಸ್ಐ, ಪಿಎಫ್ ಕೊಡುತ್ತಿದ್ದಾರಾ? ಕಾರ್ಮಿಕ ಇಲಾಖೆ ಬಂದು ನೋಡಲಿ!

5. ಸರ್ಕಾರಿ ಪ್ಯಾರಾಮೆಡಿಕಲ್ ಸೀಟು ಹೆಚ್ಚಿಸಿ!

ಬರುವ ಸೋಮವಾರ ಬೆಳಿಗ್ಗೆ 11 ಗಂಟೆಗೆ ತಾಲ್ಲೂಕು ಕಚೇರಿ ಮುಂದೆ ಸೇರೋಣ. ರಸೀದಿ ತನ್ನಿ. ಮಗಳನ್ನು ಕರೆತನ್ನಿ. ಕೆಲಸಕ್ಕೆ ಹೋಗಿರುವ ಮಕ್ಕಳು ಡ್ಯೂಟಿ ಮುಗಿಸಿ ನೇರ ಬನ್ನಿ. ತಹಶೀಲ್ದಾರರ ಕೈಗೆ ಎಲ್ಲರೂ ಸೇರಿ ಮನವಿ ಕೊಡೋಣ. ಉತ್ತರ ಬರುವವರೆಗೆ ಕದಲುವುದು ಬೇಡ!

ಈ ಕಾಗದ ಓದಿ ಬಿಸಾಡಬೇಡಿ. ಪಕ್ಕದ ಮನೆಯಲ್ಲಿ ಪಿಯುಸಿ ಮುಗಿಸಿದ ಮಗು ಇದೆಯಲ್ಲ, ಅವರಿಗೆ ಕೊಡಿ!

ಸುಳ್ಳು ಗ್ಯಾರಂಟಿಗೆ ಧಿಕ್ಕಾರ!
ದುಡಿದ ಕೈಗೆ ತಕ್ಕ ಸಂಬಳ ಕೊಡಿ!
ನಮ್ಮ ಫೀಸು ನಮಗೆ ವಾಪಸ್ ಕೊಡಿ!

ಇಂತಿ,
ನೊಂದ ವಿದ್ಯಾರ್ಥಿಗಳು ಮತ್ತು ಪೋಷಕರು