ಹೆಸರಿಲ್ಲದ ಕಬರುಗಳು ಮತ್ತು ನಮ್ಮ ಹೊಣೆ

ಮದೀನಾದ ಮಸೀದಿಯಲ್ಲಿ ಕಸ ಗುಡಿಸುತ್ತಿದ್ದ ಓರ್ವ ಬಡ ಮಹಿಳೆಯಿದ್ದರು. ಅವರು ತೀರಿಕೊಂಡಾಗ ಸಹಾಬಿಗಳು ಅದನ್ನು ಸಣ್ಣ ವಿಷಯವೆಂದು ಬಗೆದು, ಪ್ರವಾದಿ(ಸ)ರಿಗೆ ತಿಳಿಸದೆ ದಫನ ಮಾಡಿದರು. ಆಕೆ ಕಾಣದಿದ್ದಾಗ ಪ್ರವಾದಿ(ಸ) ತಾವಾಗಿಯೇ ವಿಚಾರಿಸಿದರು. ತನಗೇಕೆ ತಿಳಿಸಲಿಲ್ಲವೆಂದು ಕೇಳಿ, ಕಬರಿನ ಬಳಿಗೆ ಹೋಗಿ ಜನಾಝ ನಮಾಝ್ ನಿರ್ವಹಿಸಿದರು. ಸತ್ತವರಲ್ಲಿ ದೊಡ್ಡವರು, ಸಣ್ಣವರು ಎಂಬ ಭೇದಕ್ಕೆ ಈ ಒಂದು ಘಟನೆಯೇ ಸಾಕಷ್ಟು ಉತ್ತರವಾಗಿದೆ.

ಈ ಮಾನದಂಡವನ್ನು ಹಿಡಿದು ನಾವು ಇತಿಹಾಸದ ಒಂದು ಪುಟವನ್ನು ನೋಡೋಣ. 1914ರಿಂದ 1918ರ ಮಹಾಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ ಭಾರತದಿಂದ ಸುಮಾರು 13 ಲಕ್ಷ ಮಂದಿ ತೆರಳಿದರು. 74,000ಕ್ಕೂ ಹೆಚ್ಚು ಮಂದಿ ಮರಳಿ ಬರಲಿಲ್ಲ. ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಅನೇಕರನ್ನು ಇಂಗ್ಲೆಂಡಿನ ಬ್ರೈಟನ್ ನಗರದ ಅರಮನೆಯಲ್ಲಿ ತೆರೆದ ಆಸ್ಪತ್ರೆಗೆ ತರಲಾಯಿತು. ಅಲ್ಲಿ ಅಸುನೀಗಿದ ಹಿಂದೂ ಮತ್ತು ಸಿಖ್ ಸೈನಿಕರಿಗೆ ಊರ ಹೊರಗಿನ ಗುಡ್ಡದ ಮೇಲೆ ಅಗ್ನಿಸಂಸ್ಕಾರ ನಡೆಯಿತು. ಆ ಜಾಗದಲ್ಲಿ 1921ರಲ್ಲಿ ಬಿಳಿಯ ಛತ್ರಿಯೊಂದು ಎದ್ದು ನಿಂತಿತು. ಮುಸ್ಲಿಮ್ ಸೈನಿಕರ ಮಯ್ಯಿತ್‌ಗಳನ್ನು ವೋಕಿಂಗ್ ಎಂಬ ಊರಿಗೆ ಒಯ್ಯಲಾಯಿತು. ಭೋಪಾಲದ ಬೇಗಂ ಶಾಹ್‌ಜಹಾನರ ಧನಸಹಾಯದಿಂದ 1889ರಲ್ಲಿ ಅಲ್ಲೊಂದು ಮಸೀದಿ ನಿರ್ಮಾಣವಾಗಿತ್ತು.

ಮಸೀದಿಯ ಸಮೀಪದ ಹಾರ್ಸೆಲ್ ಬಯಲಿನಲ್ಲಿ ಇಟ್ಟಿಗೆಯ ಆವರಣ ಗೋಡೆ, ಗುಮ್ಮಟದ ಹೆಬ್ಬಾಗಿಲುಗಳೊಂದಿಗೆ ಕಬರಸ್ಥಾನವೊಂದು 1917ರಲ್ಲಿ ಪೂರ್ಣಗೊಂಡಿತು. ಎರಡನೆಯ ಮಹಾಯುದ್ಧದ ಅಂತ್ಯದ ವೇಳೆಗೆ ಅಲ್ಲಿ 27 ಮಂದಿ ಮಣ್ಣಾಗಿದ್ದರು.

ಈ ಗೌರವದ ಹಿಂದೆ ಕೇವಲ ಕರುಣೆಯಿತ್ತೆಂದು ನಂಬುವುದು ಕಷ್ಟ. ಮುಸ್ಲಿಮ್ ಸೈನಿಕರನ್ನು ಅವರ ಧರ್ಮದಂತೆ ದಫನ ಮಾಡುತ್ತಿಲ್ಲವೆಂದು ಜರ್ಮನಿ ಪ್ರಚಾರ ಮಾಡುತ್ತಿತ್ತು. ಸೈನಿಕರ ನಿಷ್ಠೆ ಸಡಿಲವಾದೀತೆಂಬ ಭಯ ಆಳುವವರಿಗಿತ್ತು. ಹಾಗೆಂದು ಆ ದೂರದ ನಾಡಿನಲ್ಲಿ ಅಪರಿಚಿತ ಮಯ್ಯಿತ್‌ಗಳಿಗೆ ಕಿಬ್ಲಾದ ದಿಕ್ಕು ನೋಡಿ, ನಮಾಝ್ ನಿರ್ವಹಿಸಿದವರ ಪ್ರಾಮಾಣಿಕತೆಯನ್ನು ನಾವು ಸಂದೇಹಿಸಬೇಕಾಗಿಲ್ಲ.

ಸಾಮ್ರಾಜ್ಯದ ಗೌರವ ಎಷ್ಟು ದೂರ ನಡೆಯಿತೆಂಬುದನ್ನು ಇರಾಕಿನ ಬಸ್ರಾ ಹೇಳುತ್ತದೆ. 1929ರಲ್ಲಿ ಅನಾವರಣಗೊಂಡ ಅಲ್ಲಿನ ಸ್ಮಾರಕವು 40,000ಕ್ಕಿಂತ ಹೆಚ್ಚು ಯೋಧರಿಗೆ ಮೀಸಲು. ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೆತ್ತಲಾಯಿತು. ಭಾರತದ ಅಧಿಕಾರಿಗಳ ಹೆಸರುಗಳನ್ನೂ ಕೆತ್ತಲಾಯಿತು. ಸಾಮಾನ್ಯ ಭಾರತೀಯ ಸಿಪಾಯಿಗಳಿಗೆ ಮಾತ್ರ ರೆಜಿಮೆಂಟಿನ ಹೆಸರು ಮತ್ತು ಒಂದು ಸಂಖ್ಯೆ. ಅದೇ ಸಾಮ್ರಾಜ್ಯ ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಕಲ್ಲಿನಲ್ಲಿ ಬರೆಸಿತ್ತು. ಯುರೋಪಿನ ಕಣ್ಣೆದುರು ಹೆಸರು, ಮರುಭೂಮಿಯಲ್ಲಿ ಎಣಿಕೆ! ಯುದ್ಧ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವೇ 2021ರಲ್ಲಿ ಈ ಅಸಮಾನತೆಯನ್ನು ಒಪ್ಪಿ ಕ್ಷಮೆ ಕೇಳಿತು. ಮುಖ್ಯವಾಗಿ ಆಫ್ರಿಕಾ ಮತ್ತು ಈಜಿಪ್ಟಿನವರಾದ ಕನಿಷ್ಠ 1,16,000 ಮಂದಿ ಹೆಸರಿನಿಂದ ಸ್ಮರಿಸಲ್ಪಟ್ಟೇ ಇಲ್ಲವೆಂದು ಅದರ ವರದಿ ಹೇಳಿತು. ಅಗತ್ಯವಿದ್ದಾಗ ಮಾತ್ರ ಕೊಡುವ ಮರ್ಯಾದೆ ಮರ್ಯಾದೆಯಲ್ಲ, ವ್ಯವಹಾರ.

ಇಲ್ಲಿ ನಮ್ಮವರಲ್ಲಿ ಕೆಲವರು ಒಂದು ಪ್ರಶ್ನೆ ಎತ್ತುತ್ತಾರೆ: ಪರಕೀಯ ದೊರೆಗಾಗಿ, ಉಸ್ಮಾನಿ ಖಿಲಾಫತಿನ ಸೇನೆಯ ವಿರುದ್ಧವೂ ಹೋರಾಡಿದವರನ್ನು ನಾವೇಕೆ ಸ್ಮರಿಸಬೇಕು? ಪ್ರಶ್ನೆ ಹಗುರವಾದುದಲ್ಲ. ಆದರೆ ಯುದ್ಧವನ್ನು ನಿರ್ಧರಿಸಿದವರು ಬೇರೆ, ಸಂಬಳಕ್ಕಾಗಿ ಬಂದೂಕು ಹಿಡಿದ ರೈತನ ಮಗ ಬೇರೆ. ಸಾಮ್ರಾಜ್ಯದ ಅನ್ಯಾಯವನ್ನು ಖಂಡಿಸಲು ಸತ್ತ ಸಿಪಾಯಿಯನ್ನು ಮರೆಯಬೇಕಾಗಿಲ್ಲ. ಅವನ ನಿಯ್ಯತ್ತಿನ ತೀರ್ಪು ಅಲ್ಲಾಹನದು. ನಮ್ಮ ಪಾಲಿಗಿರುವುದು ಮಗ್ಫಿರತ್ತಿನ ದುಆ. ಈಜಿಪ್ಟ್ ಮತ್ತು ಫೆಲೆಸ್ತೀನಿಗೆ ಹೋದವರಲ್ಲಿ ನಮ್ಮದೇ ಮೈಸೂರು ಲ್ಯಾನ್ಸರ್ಸ್ ಪಡೆಯ ಸವಾರರೂ ಇದ್ದರೆಂಬುದನ್ನು ಮರೆಯದಿರೋಣ.

ಸ್ಮರಣೆಗೆ ಅಮೃತಶಿಲೆ ಬೇಕಿಲ್ಲ. ಉಸ್ಮಾನ್ ಬಿನ್ ಮಝ್ಊನ್(ರ)ರ ಕಬರನ್ನು ಗುರುತಿಸಲು ಪ್ರವಾದಿ(ಸ) ಇಟ್ಟದ್ದು ಒಂದು ಸಾದಾ ಕಲ್ಲು. ಬೇಕಾದುದು ಗುರುತು ಮತ್ತು ಕಾಳಜಿ. ಹಾರ್ಸೆಲ್ಲಿನ ಕಬರಸ್ಥಾನ ಕಿಡಿಗೇಡಿಗಳ ಹಾವಳಿಗೆ ತುತ್ತಾದಾಗ, 1968ರಲ್ಲಿ ಮೃತರ ಅವಶೇಷಗಳನ್ನು ಬ್ರೂಕ್‌ವುಡ್ ಸೈನಿಕ ಸ್ಮಶಾನಕ್ಕೆ ಸಾಗಿಸಬೇಕಾಯಿತು. 2015ರಲ್ಲಿ ಆ ಪಾಳು ಆವರಣವನ್ನೇ ಶಾಂತಿಯ ತೋಟವಾಗಿಸಿ 27 ಮರಗಳನ್ನು ನೆಡಲಾಯಿತು, ಒಬ್ಬೊಬ್ಬರಿಗೂ ಒಂದೊಂದು.

ನಮ್ಮ ಊರುಗಳತ್ತ ಕಣ್ಣು ಹಾಯಿಸೋಣ. ಉತ್ತರದ ರಾಜ್ಯಗಳಿಂದ ಕೂಲಿಗೆ ಬಂದು ಇಲ್ಲೇ ಕಣ್ಮುಚ್ಚಿದ ಯುವಕನ ತಂದೆಯ ಹೆಸರು, ಊರು ನಮ್ಮ ಜಮಾಅತಿನ ದಫ್ತರದಲ್ಲಿದೆಯೇ? ಗಲ್ಫ್ ನಾಡುಗಳಲ್ಲಿ ಮಣ್ಣಾದ ನಮ್ಮ ಮಕ್ಕಳ ಕಬರು ಯಾವ ಊರಿನಲ್ಲಿದೆಯೆಂದು ಅವರ ತಾಯಂದಿರಿಗೆ ತಿಳಿದಿದೆಯೇ? ಪ್ರತಿಯೊಂದು ಜಮಾಅತ್ ದಫನದ ವಿವರಗಳನ್ನು ಬರೆದಿಡಲಿ. ಪರದೇಶದಲ್ಲಿ ಮರಣ ಹೊಂದಿದವರ ಪಟ್ಟಿಯನ್ನೂ ಮಾಡಲಿ. ಇದಕ್ಕೆ ಬೇಕಾದುದು ಒಂದು ಪುಸ್ತಕ, ಒಂದು ಲೇಖನಿ ಮತ್ತು ಆ ಕಸ ಗುಡಿಸುವ ಮಹಿಳೆಯನ್ನು ಹುಡುಕಿ ಹೋದ ಪ್ರವಾದಿ(ಸ)ರ ಮನಸ್ಸಿನ ಒಂದಂಶ.

ನಾವು ಮರೆತ ಹೆಸರುಗಳೆಲ್ಲವೂ ಅಲ್ಲಾಹನಿಗೆ ತಿಳಿದಿವೆ. ಆ ಎಲ್ಲರ ಕಬರುಗಳನ್ನು ಅವನು ಬೆಳಗಿಸಲಿ, ನಮ್ಮ ಹೊಣೆಯನ್ನು ನಿರ್ವಹಿಸುವ ತೌಫೀಕ್ ನಮಗೆ ನೀಡಲಿ. ಆಮೀನ್.