ಬೆಳೆಗೆ ವಿಮೆ, ಬೆರಳಿಗೆ ಬಾಮು

ಅಡಿಕೆಗೆ ಕೊಳೆ ಬಂದರೆ ಅಧಿಕಾರಿಗಳು ತೋಟಕ್ಕೆ ಬರ್ತಾರೆ. ಮಳೆ ಕೈಕೊಟ್ಟರೆ ಬೆಳೆವಿಮೆ ಇದೆ. ದರ ಇಳಿದರೆ ಧರಣಿ ಇದ್ದೇ ಇದೆ. ಆ ಅಡಿಕೆ ಸುಲಿಯೋ ಕೈಗೆ ನೋವು ಬಂದರೆ? ಬಾಮು ಹಚ್ಚಿಕೊಂಡು ಮಲಗಮ್ಮ ಅಂತೀವಿ.

ಸುಗ್ಗಿ ಬಂತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಖೇಣಿದಾರರ ಅಡಿಕೆ ಮನೆಗಳಲ್ಲಿ ಹೆಂಗಸರು ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂರ್ತಾರೆ. ಜಗಳೂರು ಕಡೆ ಹತ್ತಿ ಬಿಡಿಸೋದು, ಮೆಕ್ಕೆಜೋಳದ ತೆನೆ ಸುಲಿಯೋದು. ಬೆಳೆ ಬೇರೆ, ಸವೆಯೋ ಮಣಿಕಟ್ಟು ಒಂದೇ.

ಒಂದು ಲೆಕ್ಕ ಹಾಕೋಣ. ಕಾಯಿಗೆ ಐದು ಸೆಕೆಂಡ್ ಅಂದರೂ ಗಂಟೆಗೆ 720 ಕಾಯಿ. ಒಂದೊಂದಕ್ಕೆ ಮಣಿಕಟ್ಟು ಮೂರು ಸಲ ತಿರುಗಿದರೆ 2,160. ಎಂಟು ಗಂಟೆಗೆ 17,280! ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾದರೆ ಅದನ್ನ ಬರೀ ಸುಸ್ತು ಅಂತ ತಳ್ಳಿಹಾಕಬೇಡಿ. ಮಣಿಕಟ್ಟಿನೊಳಗೆ ನರ ಒತ್ತಿಕೊಂಡಿರಬಹುದು. ಅದಕ್ಕೆ ಕಾರ್ಪಲ್ ಟನಲ್ ಅಂತಾರೆ.

ಈ ಮಾತು ಎತ್ತಿದರೆ ನನಗೆ ಸಿಗೋ ಉತ್ತರ: ‘ನಮ್ಮಜ್ಜಿನೂ ಸುಲೀತಿದ್ಲು, ಏನಾಯ್ತು?’ ಸ್ವಾಮಿ, ನಿಮ್ಮಜ್ಜಿ ಸುಲಿದದ್ದು ಮನೆ ಅಡಿಕೆ. ನಡುವೆ ಎದ್ದು ಒಲೆ ನೋಡ್ತಿದ್ದಳು, ದನಕ್ಕೆ ಹುಲ್ಲು ಹಾಕ್ತಿದ್ದಳು. ಕೆಲಸ ಬದಲಾದಾಗ ಕೈಗೆ ಬಿಡುವು ಸಿಗ್ತಿತ್ತು. ಇವತ್ತಿನದು ತೂಕದ ಕೂಲಿ. ಎದ್ದರೆ ದುಡ್ಡು ಹೋಯ್ತು. ಕತ್ತಿಗಿಂತ ಈ ಕೂಲಿಯ ಲೆಕ್ಕವೇ ದೊಡ್ಡ ಅಪಾಯ ಅನ್ನೋದು ನನ್ನ ವಾದ.

1948ರ ಕಾರ್ಖಾನೆ ಕಾಯ್ದೆಯ ರೋಗಪಟ್ಟಿ ಸೀಸದ ವಿಷವನ್ನು ಎಣಿಸಿತು, ಸಿಲಿಕೋಸಿಸ್ ಎಣಿಸಿತು, ಮಣಿಕಟ್ಟನ್ನು ಎಣಿಸಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಕಾರ್ಪಲ್ ಟನಲ್ ಉದ್ಯೋಗದಿಂದ ಬರುವ ರೋಗವೆಂದೇ ಇದೆ. ಜಗತ್ತು ಒಪ್ಪಿದ್ದು ನಮ್ಮ ಅಡಿಕೆ ಮನೆಗೆ ಇನ್ನೂ ತಲುಪಿಲ್ಲ.

‘ಮಷಿನ್ ಬಂದಿದೆಯಲ್ಲ’ ಅಂತೀರಾ? ಬಂದಿದೆ. ಮಷಿನ್ ಅರ್ಧಂಬರ್ಧ ಸುಲಿದ ಕಾಯಿ ಮತ್ತೆ ಕೈಗೇ ಬರುತ್ತೆ.

ಅಪಾಯ ಅಳೆಯೋಕೆ ದೊಡ್ಡ ವಿದ್ಯೆ ಬೇಡ. ಐದು ಪ್ರಶ್ನೆ ಸಾಕು: ಎಷ್ಟು ಸಲ? ಎಷ್ಟು ಬಲ ಹಾಕಿ? ಮಣಿಕಟ್ಟು ಎಷ್ಟು ಬಾಗಿ? ಎಷ್ಟು ಹೊತ್ತು? ಮಧ್ಯೆ ಬಿಡುವೆಷ್ಟು? ಉತ್ತರ ಸಿಕ್ಕ ಮೇಲೆ ಮಾಡಬೇಕಾದ್ದೂ ಸರಳ. ಗಂಟೆಗೊಮ್ಮೆ ಹತ್ತು ನಿಮಿಷ ಬಿಡುವು, ಆ ಹೊತ್ತಿಗೂ ಕೂಲಿ. ಸುಲಿಯೋರಿಗೆ ಸರದಿಯಲ್ಲಿ ಆರಿಸೋ, ಹರಡೋ ಕೆಲಸ. ಮೊಂಡು ಕತ್ತಿಗೆ ಹೆಚ್ಚು ಬಲ ಬೇಕು, ಹಾಗಾಗಿ ಹರಿತ ಮಾಡಿಸೋದು ಖೇಣಿದಾರರ ಹೊಣೆ.

ಖರ್ಚು ಹೆಚ್ಚುತ್ತೆ ಅನ್ನೋರಿಗೆ ಒಂದೇ ಮಾತು. ಆ ಖರ್ಚು ಈಗಲೂ ಇದೆ. ಅದನ್ನ ಆ ಹೆಂಗಸರು ತಮ್ಮ ಬೆರಳಲ್ಲಿ ಕಟ್ಟುತ್ತಿದ್ದಾರೆ, ಅಷ್ಟೇ.