ಗುಳಿಗೆ ಬರೆಯುವುದು ಶಾಲೆಯ ಕೆಲಸವಲ್ಲ

"ನಿಮ್ಮ ಹುಡುಗ ಒಂದ್ ಕಡಿ ಕುಂದ್ರಂಗಿಲ್ರಿ. ಡಾಕ್ಟರಿಗೆ ತೋರಿಸಿ ಗುಳಿಗಿ ಚಾಲೂ ಮಾಡ್ರಿ. ಇಲ್ಲಂದ್ರ ಟಿ.ಸಿ. ತಗೊಂಡು ಹೋಗ್ರಿ." ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಪಾಲಕರ ಕಿವಿಗೆ ಈಗೀಗ ಬೀಳುತ್ತಿರುವ ಮಾತಿದು. ಹಿಂದೆ ಇಂಥ ಹುಡುಗನಿಗೆ 'ಉಡಾಳ' ಎಂಬ ಒಂದೇ ಹೆಸರಿತ್ತು, ಬಡಿಗೆ ಎಂಬ ಒಂದೇ ಔಷಧವಿತ್ತು. ಅದೂ ನಾಟದಿದ್ದರೆ ಗುಡಿಗೋ ದರ್ಗಾಕ್ಕೋ ಕರೆದೊಯ್ದು ತಾಯತ ಕಟ್ಟಿಸುತ್ತಿದ್ದರು. ಈಗ ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಡಪಡಿಕೆಯ ತೊಂದರೆ) ಎಂಬ ಹೆಸರು ಮೊಬೈಲ್ ವಿಡಿಯೊ ಹತ್ತಿ ತಾಲ್ಲೂಕು ಊರುಗಳಿಗೂ ಬಂದಿದೆ. ಬರಲಿ. ಆದರೆ ಅದು ದವಾಖಾನೆಗಿಂತ ಮೊದಲು ಹೆಡ್‌ಮಾಸ್ತರರ ಕೋಣೆಗೆ ಬಂದು ಕೂತಿದೆಯಲ್ಲ, ಅಲ್ಲಿದೆ ನನ್ನ ತಕರಾರು.

ಗುಳಿಗೆಯ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಇನ್ನೊಂದು ಗುಂಪೂ ಇದೆ. "ಮಕ್ಕಳಂದ್ರ ಜಿಗದಾಡೂವ, ಹುಚ್ಚರ ಗುಳಿಗಿ ಯಾಕ ತಿನಸ್ತೀರಿ" ಎನ್ನುವವರ ಗುಂಪು. ಈ ಗುಂಪಿನ ಭಾಷಣಕಾರರು ಒಂದು ಹೆಜ್ಜೆ ಮುಂದೆ ಹೋಗಿ, ಹನ್ನೆರಡನೆಯ ಶತಮಾನದಲ್ಲಿ ಈ ಔಷಧಿ ಇದ್ದಿದ್ದರೆ ಬಾಗೇವಾಡಿಯ ಬಾಲಕ ಬಸವನಿಗೂ ತಿನ್ನಿಸಿ ಕೂಡಿಸುತ್ತಿದ್ದರು ಎಂದು ಚಪ್ಪಾಳೆ ಗಿಟ್ಟಿಸುತ್ತಾರೆ. ಜನಿವಾರ ಬೇಡವೆಂದ ಹುಡುಗನಿಗೆ ಗಮನದ ಕೊರತೆ ಇರಲಿಲ್ಲ ಸ್ವಾಮಿ, ಏನನ್ನು ನೋಡುತ್ತಿದ್ದೇನೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಖರೇ ತೊಂದರೆ ಇರುವ ಮಗು ಬೇರೆ. ಹಲಗೆಯ ಮೇಲಿನ ಏಳು ಲೆಕ್ಕದಲ್ಲಿ ಎರಡನ್ನು ಬರೆದು, ಮೂರನೆಯದರಲ್ಲಿ ಕೂಡಿಸುವ ಚಿಹ್ನೆಯನ್ನು ಕಳೆಯುವುದೆಂದು ಓದಿ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಪೆನ್ಸಿಲ್ ಎಲ್ಲಿಟ್ಟೆನೆಂದು ಮರೆತಿರುತ್ತದೆ. ಬರೆಯಬೇಕೆಂಬ ಆಸೆ ಅದಕ್ಕೂ ಇದೆ, ಆಗುವುದಿಲ್ಲ. ಆಟದಲ್ಲಿ ತನ್ನ ಪಾಳಿ ಬರುವತನಕ ತಡೆಯಲಾಗದೆ ಗೆಳೆಯರನ್ನು ಕಳೆದುಕೊಳ್ಳುತ್ತದೆ. ಹಿಂದುಮುಂದು ನೋಡದೆ ರಸ್ತೆಗೆ ಓಡುತ್ತದೆ. ದಿನಾ ಬೈಸಿಕೊಂಡು ಬೈಸಿಕೊಂಡು ತಾನು ಕೆಟ್ಟವನೇ ಎಂದು ನಂಬುತ್ತದೆ. ಇಂಥ ಮಗುವಿಗೆ ವೈದ್ಯರು ನೋಡಿ ಗುಳಿಗೆ ಬರೆದರೆ, "ಬ್ಯಾಡ, ದೊಡ್ಡವನಾದ್ರ ಸುಧಾರಿಸ್ತಾನ" ಎಂದು ತಡೆಯುವವರೂ ಮಗುವಿಗೆ ಅನ್ಯಾಯವನ್ನೇ ಮಾಡುತ್ತಾರೆ.

ಈ ಔಷಧಿಗಳಿಗೂ ಶಾಲೆಗೂ ನಂಟು ಹಳೆಯದು. 1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ ತನ್ನ ಆಸ್ಪತ್ರೆಯ ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಔಷಧಿ ಕೊಟ್ಟಾಗ ಅವರಲ್ಲಿ ಹಲವರು ತರಗತಿಯಲ್ಲಿ ಪಟಪಟನೆ ಲೆಕ್ಕ ಮಾಡತೊಡಗಿದರು. ಮಕ್ಕಳೇ ಅದನ್ನು ಲೆಕ್ಕದ ಗುಳಿಗೆ ಎಂದು ಕರೆದರಂತೆ. ಇಂದು ಹೆಚ್ಚು ಬಳಕೆಯಲ್ಲಿರುವ ಮಿಥೈಲ್‌ಫೆನಿಡೇಟ್ ತಯಾರಾದದ್ದು 1944ರಲ್ಲಿ, ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ. ನಮ್ಮಲ್ಲಿ ಅದು 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ನೆಗಡಿ ಗುಳಿಗೆಯಂತೆ ಅಂಗಡಿಯಲ್ಲಿ ಕೇಳಿ ತರುವ ಮಾಲಲ್ಲ. ಅದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. 2018ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ, 133 ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿದ ವಿಶ್ಲೇಷಣೆ, ಮಕ್ಕಳಿಗೆ ಅಲ್ಪಾವಧಿಗೆ ಇದೇ ಮೊದಲ ಆಯ್ಕೆ ಎಂದಿತು. 1999ರಲ್ಲಿ ಅಮೆರಿಕದಲ್ಲಿ 579 ಮಕ್ಕಳನ್ನು 14 ತಿಂಗಳು ಗಮನಿಸಿದ ಅಧ್ಯಯನದಲ್ಲೂ ಚಡಪಡಿಕೆ, ಗಮನದ ಕೊರತೆ ಎರಡಕ್ಕೂ ಬರೀ ತರಬೇತಿಗಿಂತ ಕಟ್ಟುನಿಟ್ಟಾಗಿ ಕೊಟ್ಟ ಔಷಧಿಯೇ ಮೇಲಾಯಿತು. ಅದೇ ಮಕ್ಕಳನ್ನು ಮೂರು ವರ್ಷದ ಹೊತ್ತಿಗೆ ನೋಡಿದಾಗ ಆ ವ್ಯತ್ಯಾಸ ಉಳಿದಿರಲಿಲ್ಲ.

ಶಾಲೆಯವರು ಓದಬೇಕಾದದ್ದು 2022ರ ಇನ್ನೊಂದು ಅಧ್ಯಯನವನ್ನು. 7ರಿಂದ 12 ವರ್ಷದ 173 ಮಕ್ಕಳಿಗೆ ಬೇಸಿಗೆ ತರಗತಿಯಲ್ಲಿ ಹೊಸ ಪಾಠ ಹೇಳಿಕೊಟ್ಟರು, ಕೆಲವು ವಾರ ಔಷಧಿಯೊಂದಿಗೆ, ಕೆಲವು ವಾರ ಔಷಧಿಯಂತೆ ಕಾಣುವ ಪೊಳ್ಳು ಗುಳಿಗೆಯೊಂದಿಗೆ. ಔಷಧಿ ತಿಂದಾಗ ಮಕ್ಕಳು ಕೂತರು, ಹೆಚ್ಚು ಲೆಕ್ಕ ಮಾಡಿದರು, ಗಲಾಟೆ ಕಡಿಮೆಯಾಯಿತು. ಆದರೆ ಹೊಸ ಪದಗಳನ್ನು, ಸಮಾಜ-ವಿಜ್ಞಾನದ ಪಾಠವನ್ನು ಕಲಿತದ್ದು ಎರಡೂ ಸಲ ಅಷ್ಟೇ. ಅಂದರೆ ಗುಳಿಗೆ ಮಗುವನ್ನು ಕೂಡಿಸಬಲ್ಲದು, ಕಲಿಸಲಾರದು. ಮಾಸ್ತರರಿಗೆ ತಕ್ಷಣ ಕಾಣುವ ಸುಧಾರಣೆ, ತರಗತಿ ಶಾಂತವಾಯಿತೆಂಬುದು. ಮಗುವಿಗೆ ಅದರಿಂದ ಏನು ದಕ್ಕಿತು ಎಂದು ಬೇರೆಯಾಗಿಯೇ ಕೇಳಬೇಕು.

ಇದು ಯಾರ ತೊಂದರೆಗೆ ಕೊಡುತ್ತಿರುವ ಔಷಧಿ ಎಂಬುದು ತಿಳಿಯಬೇಕೆಂದರೆ ಹಿಂದಿನ ಬೆಂಚಿನ ಹುಡುಗಿಯರನ್ನು ನೋಡಿ. ಎಡಿಎಚ್‌ಡಿಯಲ್ಲಿ ಜಿಗಿದಾಡದ, ಸುಮ್ಮನೆ ಕೂತು ಎಲ್ಲೋ ಕಳೆದುಹೋಗುವ ಬಗೆಯೂ ಒಂದಿದೆ. ಹುಡುಗಿಯರಲ್ಲಿ ಗುರುತು ಹತ್ತದೆ ಉಳಿಯುವುದು ಹೆಚ್ಚಾಗಿ ಇದೇ. ಅವಳಿಂದ ಯಾರಿಗೂ ಕಿರಿಕಿರಿ ಇಲ್ಲ, ಆದ್ದರಿಂದ ಅವಳ ತಾಯಿಯನ್ನು ಶಾಲೆಗೆ ಕರೆಸುವವರೂ ಇಲ್ಲ. "ಪಾಪದ ಹುಡುಗಿ, ಅಭ್ಯಾಸದಾಗ ಸ್ವಲ್ಪ ಹಿಂದ" ಎನ್ನುತ್ತಾರೆ. ಏಳನೆಯ ಇಯತ್ತೆಯ ನಂತರ ಶಾಲೆ ಬಿಡಿಸುತ್ತಾರೆ, ಆಮೇಲೆ ಮದುವೆಯ ಮಾತು. ಶಾಲೆಗೆ ನಿಜಕ್ಕೂ ಗಮನದ ಕೊರತೆಯದೇ ಚಿಂತೆಯಾಗಿದ್ದರೆ ದೂರಿನ ಪಟ್ಟಿಯಲ್ಲಿ ಅವಳ ಹೆಸರೂ ಇರುತ್ತಿತ್ತು.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳಿಗೇ ಬರೋಣ. ತರಗತಿಯಲ್ಲಿ ಲಕ್ಷ್ಯ ಇಲ್ಲದ ಮಗುವಿಗೆ ಇಲ್ಲಿ ಕಾರಣಗಳು ನೂರು. ದಸರೆ-ದೀಪಾವಳಿ ಮುಗಿಯುತ್ತಲೇ ತಾಂಡಾಗಳಿಂದ, ಹಳ್ಳಿಗಳಿಂದ ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಗೋವಾದ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತಾರೆ. ನಾಲ್ಕು ತಿಂಗಳು ಗುಡಿಸಲಲ್ಲಿದ್ದು ಬಂದ ಮಗುವಿಗೆ ಭಾಗಾಕಾರ ನಡೆಯುತ್ತಿರುವ ತರಗತಿಯಲ್ಲಿ ಗಮನ ಎಲ್ಲಿಂದ ಬರಬೇಕು? ಅಜ್ಜಿಯ ಹತ್ತಿರ ಬಿಟ್ಟುಹೋದ ಮಗುವಿನ ಗಮನವೆಲ್ಲ ಮೊಬೈಲಿಗೆ ಬರುವ ಅವ್ವನ ಕರೆಯ ಮೇಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಅವರೇ ಮುಂದೆ ಒಂದನೆಯ ಇಯತ್ತೆಗೆ ಬರುವವರು. ರಕ್ತ ಕಡಿಮೆಯಾದ ಮಗು ತೂಕಡಿಸುತ್ತದೆ, ಕಿರಿಕಿರಿ ಮಾಡುತ್ತದೆ, ಹೇಳಿದ್ದು ತಲೆಗೆ ಹತ್ತುವುದಿಲ್ಲ. ಕಿವಿ ಸೋರುವ ಮಗು ಕೇಳಿಸದೆ ಸುಮ್ಮನಿರುತ್ತದೆ, ಹಲಗೆ ಕಾಣದ ಮಗು ಎದ್ದೆದ್ದು ಹೋಗುತ್ತದೆ. 2021ರ ಡಿಸೆಂಬರಿನಲ್ಲಿ ವಿಜಯಪುರವೂ ಸೇರಿ ಏಳು ಜಿಲ್ಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ ಎಷ್ಟು ರಾದ್ಧಾಂತವಾಯಿತೆಂದು ನೆನಪಿರಬೇಕು. ಮಗುವಿನ ತಟ್ಟೆಗೆ ಬೀಳುವ ಒಂದು ಮೊಟ್ಟೆಗೆ ಅಷ್ಟು ಚರ್ಚೆ ಮಾಡಿದವರು, ಅದರ ಮಿದುಳಿಗೆ ಹೋಗುವ ಔಷಧಿಯ ವಿಷಯಕ್ಕೆ ಶಾಲೆಯ ಬಾಯಿಮಾತನ್ನು ಒಪ್ಪಿಕೊಂಡು ಸುಮ್ಮನಿದ್ದಾರೆ.

ಬಿಸಿಯೂಟದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಮಿಥೈಲ್‌ಫೆನಿಡೇಟ್‌ನ ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ ಹಸಿವು ಕಟ್ಟುವುದು. ಸಾದಾ ಗುಳಿಗೆಯ ಪರಿಣಾಮ ಸುಮಾರು ನಾಲ್ಕು ತಾಸು. ಅದನ್ನು ಬೆಳಿಗ್ಗೆ ಹೊಟ್ಟೆತುಂಬ ಉಣ್ಣಿಸಿ ಕೊಡಿ, ಸಂಜೆ ಇನ್ನೊಮ್ಮೆ ಚೆನ್ನಾಗಿ ಉಣ್ಣಿಸಿ ಎನ್ನುತ್ತಾರೆ ವೈದ್ಯರು. ನಸುಕಿಗೇ ಎದ್ದು ನಿಂಬೆತೋಟಕ್ಕೋ ದ್ರಾಕ್ಷಿ ಪಡಕ್ಕೋ ಕೂಲಿಗೆ ಹೋಗುವ ತಾಯಿಯ ಮನೆಯಲ್ಲಿ ಮಗು ಕುಡಿದು ಬರುವುದು ಒಂದು ಕಪ್ ಚಹಾ, ಸಿಕ್ಕರೆ ಅದರೊಂದಿಗೆ ಕಟಕ್ ರೊಟ್ಟಿ ಅಥವಾ ಖಾರಿ. ಅದರ ದಿನದ ಗಟ್ಟಿ ಊಟವೆಂದರೆ ಮಧ್ಯಾಹ್ನದ ಶಾಲೆಯ ಊಟ. ಗುಳಿಗೆ ಅದೇ ಹೊತ್ತಿಗೆ ಹಸಿವನ್ನು ಕಟ್ಟಿಹಾಕುತ್ತದೆ. ಹೀಗಾಗಿ ಔಷಧಿ ಕೊಡುವವರು ತಿಂಗಳು ತಿಂಗಳು ತೂಕ ನೋಡಬೇಕು, ಎತ್ತರ, ರಕ್ತದೊತ್ತಡ ನೋಡಬೇಕು, ನಿದ್ದೆ ಬರುತ್ತದೆಯೇ ಎಂದು ಕೇಳಬೇಕು. ಟಿ.ಸಿ. ಬೆದರಿಕೆ ಹಾಕಿದ ಶಾಲೆ ಇದರಲ್ಲಿ ಯಾವುದನ್ನು ಮಾಡುತ್ತದೆ?

ವಯಸ್ಸಿನದೂ ಒಂದು ತಮಾಷೆ ಇದೆ. ಒಂದೇ ತರಗತಿಯಲ್ಲಿ ತಿಂಗಳುಗಟ್ಟಲೆ ಚಿಕ್ಕವರಾದ ಮಕ್ಕಳಿಗೇ ಎಡಿಎಚ್‌ಡಿ ಹಣೆಪಟ್ಟಿ, ಔಷಧಿ ಎರಡೂ ಹೆಚ್ಚು ಬೀಳುತ್ತವೆ ಎಂದು ಅಮೆರಿಕ, ಕೆನಡಾದ ಅಧ್ಯಯನಗಳು ಹೇಳಿವೆ. ಎಳಸುತನವನ್ನೇ ರೋಗವೆಂದು ಓದಿಕೊಳ್ಳುವುದು ಅಷ್ಟು ಸುಲಭ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂದ ನಮ್ಮ ಸರ್ಕಾರ 2025-26ಕ್ಕೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಅರ್ಧ ಊರಿನ ಹುಟ್ಟಿದ ದಿನ ಶಾಲೆಯ ರಜಿಸ್ಟರಿನಲ್ಲಿ ಜೂನ್ 1 ಎಂದೇ ಇರುವ ಸೀಮೆ ನಮ್ಮದು. ಆ ಮಗುವಿನ ಖರೇ ವಯಸ್ಸು ಎಷ್ಟೆಂದು ಹೆಡ್‌ಮಾಸ್ತರರು ಅದರ ಅಜ್ಜಿಯನ್ನು ಕೇಳಿದ್ದಾರೆಯೇ?

ಮಗು ಕೂಡುವುದಿಲ್ಲ ಎನ್ನುವ ಮೊದಲು ಎಷ್ಟು ಹೊತ್ತು ಕೂಡಿಸುತ್ತಿದ್ದೀರಿ ಎಂಬುದನ್ನೂ ಹೇಳಬೇಕು. ವಿಜಯಪುರ ಜಿಲ್ಲೆಯ ಮುಖ್ಯ ಉದ್ಯಮಗಳಲ್ಲಿ ದ್ರಾಕ್ಷಿ, ನಿಂಬೆಯ ನಂತರ ಹೇಳಬೇಕಾದದ್ದು ನವೋದಯ-ಸೈನಿಕ-ಮೊರಾರ್ಜಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಯ ಕೋಚಿಂಗ್. 1963ರಲ್ಲಿ ಶುರುವಾದ ಸೈನಿಕ ಶಾಲೆ ಜಿಲ್ಲೆಯಲ್ಲೇ ಇದೆ, ಆಲಮಟ್ಟಿಯಲ್ಲಿ ನವೋದಯವಿದೆ. ಮಗ ಅಲ್ಲಿಗೆ ಸೇರಲಿ ಎಂಬ ಆಸೆ ತಪ್ಪಲ್ಲ. ಆದರೆ ಒಂಬತ್ತು-ಹತ್ತು ವರ್ಷದ ಕೂಸನ್ನು ನಸುಕಿನಲ್ಲಿ ಎಬ್ಬಿಸಿ ರಾತ್ರಿಯತನಕ ಪ್ರಶ್ನೆಪತ್ರಿಕೆ ಬಿಡಿಸಲು ಕೂಡಿಸಿ, ಆಟದ ಪಿರಿಯಡ್ ತೆಗೆದುಹಾಕಿ, ಕೊನೆಗೆ "ಇವನಿಗೆ ಗಮನ ಇಲ್ಲ" ಎಂದರೆ? ನಿದ್ದೆಗೆಟ್ಟ ಮಗು ಥೇಟ್ ಎಡಿಎಚ್‌ಡಿ ಮಗುವಿನ ಹಾಗೆಯೇ ಆಡುತ್ತದೆ.

ನಮ್ಮದೇ ಸರ್ಕಾರಿ ಶಾಲೆಗಳಲ್ಲಿ ಇದಕ್ಕೊಂದು ಉತ್ತರವಿತ್ತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿ ಆಮೇಲೆ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಮಗು ಎದ್ದು ಹೋಗಿ ತನ್ನ ಕಾರ್ಡ್ ತಾನೇ ತರುತ್ತದೆ, ಗುಂಪಿನಿಂದ ಗುಂಪಿಗೆ ಹೋಗುತ್ತದೆ, ನೆಲದ ಮೇಲೆ ಬರೆಯುತ್ತದೆ, ತನ್ನ ವೇಗದಲ್ಲಿ ಏಣಿ ಹತ್ತುತ್ತದೆ. ಚಡಪಡಿಸುವ ಮಗುವಿಗೆ ಇದಕ್ಕಿಂತ ಒಳ್ಳೆಯ ತರಗತಿಯನ್ನು ಪರದೇಶದ ತಜ್ಞರೂ ಹೇಳಲಾರರು. ಆದರೆ ಅದು ಮೂರನೆಯ ಇಯತ್ತೆಗೇ ಮುಗಿಯಿತು. ನಾಲ್ಕಕ್ಕೆ ಬಂದಕೂಡಲೇ ಸಾಲು, ಹಲಗೆ, ಕೈಕಟ್ಟಿ ಕೂಡು. ಮೂರು ವರ್ಷ ಶಾಲೆಯೇ ಓಡಾಡಲು ಕಲಿಸಿದ ಮಗು ಆ ಜೂನ್‌ನಲ್ಲಿ ಏಕಾಏಕಿ ರೋಗಿಯಾಗುತ್ತದೆ.

"ಐವತ್ತು ಮಕ್ಕಳ ನಡುಕ ನಾ ಒಬ್ಬಾಕಿ ಏನ್ ಮಾಡ್ಲಿ" ಎಂದು ಅಕ್ಕೋರು ಕೇಳಿದರೆ ನನ್ನಲ್ಲಿ ಅವರನ್ನು ಬೈಯುವ ಮಾತಿಲ್ಲ. ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಇಲ್ಲದ ಶಿಕ್ಷಕರ ಕೆಲಸವನ್ನು ಗುಳಿಗೆಯ ಹತ್ತಿರ ಮಾಡಿಸಬಾರದು ಎಂಬುದಷ್ಟೇ ನನ್ನ ವಾದ. ಆ ಮಗುವನ್ನು ಕಿಟಕಿಯಿಂದ ಎಬ್ಬಿಸಿ ಮುಂದೆ ಕೂಡಿಸುವುದು, ಹತ್ತು ಲೆಕ್ಕವನ್ನು ಮೂರು-ಮೂರಾಗಿ ಕೊಡುವುದು, ನೀರು ತರುವ, ಹಲಗೆ ಒರೆಸುವ ಕೆಲಸ ಹಚ್ಚಿ ನಡುನಡುವೆ ಓಡಾಡಲು ಬಿಡುವುದು, ಸರಿ ಮಾಡಿದ ಗಳಿಗೆಯಲ್ಲೇ "ಶಾಬಾಸ್" ಅನ್ನುವುದು ಇವಕ್ಕೆ ದುಡ್ಡು ಬೇಕಿಲ್ಲ. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯೂ ಮಗುವಿನ ಸುತ್ತಲಿನ ವಾತಾವರಣವನ್ನು ಮೊದಲು ಬದಲಿಸಿ ನೋಡಿ, ಆದರೂ ತೊಂದರೆ ಉಳಿದರೆ ಔಷಧಿ ಎನ್ನುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ ಆರು ವರ್ಷದೊಳಗಿನವರಿಗೆ ಮೊದಲು ಪಾಲಕರಿಗೆ ತರಬೇತಿ ಕೊಡಿ ಎನ್ನುತ್ತದೆ. ರೋಗನಿರ್ಣಯದ ನಿಯಮವೇ ಲಕ್ಷಣಗಳು ಆರು ತಿಂಗಳಾದರೂ, ಕನಿಷ್ಠ ಎರಡು ಕಡೆ, ಅಂದರೆ ಮನೆಯಲ್ಲೂ ಶಾಲೆಯಲ್ಲೂ, ಕಾಣಬೇಕೆಂದು ಹೇಳುತ್ತದೆ. ಶಾಲೆಯಲ್ಲಿ ಮಾತ್ರ ಕಾಣುವ ಕಾಯಿಲೆಗೆ ಶಾಲೆಯನ್ನೇ ಮೊದಲು ತಪಾಸಣೆ ಮಾಡಬೇಕು.

ಹಾಗಾದರೆ ವೈದ್ಯರೆಲ್ಲಿ? ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಸುಮಾರು 80 ಕಿ.ಮೀ.; ಇಂಡಿಯವರು ಸೊಲ್ಲಾಪುರದ ದಾರಿಯನ್ನೂ ಹಿಡಿಯುತ್ತಾರೆ. ಒಂದು ದಿನದ ಪಗಾರ ಹೋಯಿತು, ಬಸ್ಸು, ಫೀ, ಔಷಧಿಯ ಖರ್ಚು ಬೇರೆ. ಸರ್ಕಾರದ ಕಾಗದದ ಮೇಲೆ ವ್ಯವಸ್ಥೆ ಇಲ್ಲವೆಂದಲ್ಲ. 2014ರಲ್ಲಿ ಶುರುವಾದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರಬೇಕು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೇ ಬಂದು ಮಕ್ಕಳನ್ನು ನೋಡಬೇಕು, ಅವರ ಪಟ್ಟಿಯಲ್ಲಿ ಕಿವಿ, ಕಣ್ಣು, ರಕ್ತಹೀನತೆಯ ಜೊತೆಗೆ ಕಲಿಕೆಯ ತೊಂದರೆ, ಎಡಿಎಚ್‌ಡಿ ಎರಡೂ ಇವೆ. ಶಾಲೆ ಚೀಟಿ ಬರೆಯಬೇಕಾದದ್ದು ಈ ತಂಡಕ್ಕೆ, ಪಾಲಕರಿಗಲ್ಲ. ಚೀಟಿಯಲ್ಲಿ ಬರೆಯಬೇಕಾದದ್ದು ಕಂಡದ್ದನ್ನು ಮತ್ತು ತಾನು ಇಲ್ಲಿಯವರೆಗೆ ಮಾಡಿ ನೋಡಿದ್ದನ್ನು. ರೋಗದ ಹೆಸರನ್ನಲ್ಲ, ಔಷಧಿಯ ಹೆಸರನ್ನಂತೂ ಅಲ್ಲವೇ ಅಲ್ಲ.

ಈ ಗುಳಿಗೆಯನ್ನು ಎಲ್ಲರಿಗಿಂತ ಹೆಚ್ಚು ನುಂಗಿದ ಅಮೆರಿಕವೇ 2004ರಲ್ಲಿ ಕಾನೂನು ತಿದ್ದಿ, ಔಷಧಿ ತಿಂದರೆ ಮಾತ್ರ ಶಾಲೆಗೆ ಬಾ ಎಂದು ಶಾಲೆಯವರು ಹೇಳದಂತೆ ನಿರ್ಬಂಧ ಹಾಕಿತು. ನಮ್ಮ ಶಿಕ್ಷಣ ಇಲಾಖೆಯಿಂದ ಅಂಥದೊಂದು ಸುತ್ತೋಲೆ ಹೊರಡಿಸಲು ವಿಧಾನಸಭೆಯ ಅಧಿವೇಶನ ಬೇಕಾಗಿಲ್ಲ. ಅಲ್ಲಿಯತನಕ ಪಾಲಕರ ಕೈಯಲ್ಲಿ ಈಗಿರುವ ಕಾಯ್ದೆಯೇ ಸಾಕಷ್ಟಿದೆ. ಎಂಟನೆಯ ಇಯತ್ತೆ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಹೇಳುತ್ತದೆ, ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 17ನೇ ಕಲಂ ನಿಷೇಧಿಸುತ್ತದೆ. ಟಿ.ಸಿ. ತಗೊಂಡು ಹೋಗ್ರಿ ಎಂದವರಿಗೆ, "ಆಯ್ತ್ರಿ ಸರ್, ಯಾಕ ಕೊಡಾಕತ್ತೀರಿ ಅಂತ ಲೆಟರ್‌ಹೆಡ್ ಮ್ಯಾಲೆ ಬರದು ಸಹಿ ಮಾಡಿ ಕೊಡ್ರಿ, ಬಿಇಒ ಸಾಹೇಬ್ರಿಗೆ ತೋರಸ್ತೀನಿ" ಎನ್ನಿ.